ತಗಡಿಗಾಗಿ ಡಬ್ಬಿಗಿಳಿದ ಬಿಯರ್

“ಬಿಯರಿಗೆ ಡಬ್ಬಿ ಬೇಕಾಗಿರಲಿಲ್ಲ, ತಗಡಿಗೆ ಕೆಲಸ ಬೇಕಾಗಿತ್ತು.” ಕಳೆದ ಶನಿವಾರ ವೇಲ್ಸಿನ ಲನೆಥ್ಲಿ ಪಟ್ಟಣದ ಅಂಚಿನಲ್ಲಿರುವ ವೆಲಿನ್‌ವೋಯ್ಲ್ ಬ್ರೂವರಿಯಲ್ಲಿ ನನ್ನ ಸಹೋದ್ಯೋಗಿಯ ತಂದೆ ಆಡಿದ ಈ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅವರು ತಗಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಜೊತೆಗಿದ್ದ ಉಳಿದವರು ರುಚಿ ನೋಡುವ ಹೊತ್ತಿಗಾಗಿ ಕಾಯುತ್ತಿದ್ದರು, ಅವರು ಮಾತ್ರ ಗೋಡೆ, ಕೊಳವೆ, ಪೀಪಾಯಿಗಳನ್ನು ಗೌರವದಿಂದ ನೋಡುತ್ತ ನಡೆದರು. ಬೇರೊಬ್ಬರ ದುಡಿಮೆಯನ್ನು ಹಾಗೆ ನೋಡಬಲ್ಲವರು ನನಗೆ ಬಹಳ ಇಷ್ಟವಾಗುತ್ತಾರೆ.

ಈ ಬ್ರೂವರಿಯ ಕಥೆ ಒಂದು ಪಬ್ಬಿನಿಂದ ಆರಂಭವಾಗುತ್ತದೆ. ಡೇವಿಡ್ ಜಾನ್ ಎಂಬವರು ಕಿಂಗ್ಸ್ ಹೆಡ್ ಪಬ್ಬನ್ನು ಕೊಂಡು ಅಲ್ಲಿಯೇ ಬಿಯರ್ ತಯಾರಿಸುತ್ತಿದ್ದರು. ಬೇಡಿಕೆ ಬೆಳೆದಾಗ ರಸ್ತೆಯ ಆಚೆ ಬದಿಯಲ್ಲಿ, 1878ರ ಸುಮಾರಿಗೆ, ಈ ಕಲ್ಲಿನ ಕಟ್ಟಡ ಎದ್ದಿತು. ಇಂದು ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ, ಒಡೆತನವೂ ಕುಟುಂಬದ ಕೈಯಲ್ಲೇ ಉಳಿದಿದೆ.

ಒಳಗೆ ಹೋದವರನ್ನು ಮೊದಲು ಎದುರುಗೊಳ್ಳುವುದು ಮಾಲ್ಟಿನ ಘಮ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚಾಗಿ ಒಡೆದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ನೆನೆಯಿಟ್ಟಾಗ ಕಾಳಿನ ಪಿಷ್ಟವು ಸಕ್ಕರೆಯಾಗುತ್ತದೆ. ಆಗ ಹಬ್ಬುವ ಸಿಹಿ ವಾಸನೆಯು ನಮ್ಮ ಮನೆಗಳಲ್ಲಿ ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಹುರಿಯುವಾಗಿನ ಘಮಕ್ಕೆ ಎಷ್ಟು ಹತ್ತಿರವಿದೆಯೆಂದರೆ, ಮದ್ಯ ಮುಟ್ಟದ ನನಗೂ ಅಲ್ಲಿ ಪರಕೀಯ ಭಾವ ಬರಲಿಲ್ಲ. ಸೋಸಿ ತೆಗೆದ ಸಿಹಿನೀರನ್ನು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳ ಜೊತೆ ಒಂದು ಗಂಟೆಗೂ ಹೆಚ್ಚು ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಪೀಪಾಯಿಗೆ ತುಂಬಿದ ಮೇಲೂ ಏಲ್ ಎಂಬ ಸಾಂಪ್ರದಾಯಿಕ ಬಿಯರ್ ಒಳಗೊಳಗೇ ಹುದುಗುತ್ತಿರುತ್ತದೆ. ಆದ್ದರಿಂದ ಪಬ್ಬಿನ ನೆಲಮಾಳಿಗೆಯಲ್ಲಿ ಅದನ್ನು ನೋಡಿಕೊಳ್ಳುವವನೂ ತಯಾರಕನಷ್ಟೇ ಜಾಗರೂಕನಾಗಿರಬೇಕಾಗುತ್ತದೆ.

ಇಷ್ಟೆಲ್ಲ ಹಳೆಯ ಪದ್ಧತಿಯನ್ನು ಉಳಿಸಿಕೊಂಡ ಮನೆತನವೇ ಯುರೋಪಿನಲ್ಲಿ ಮೊದಲು ಬಿಯರನ್ನು ಡಬ್ಬಿಗೆ ತುಂಬಿತು ಎಂದಾಗ ನನಗೆ ಅಚ್ಚರಿಯಾಯಿತು, ಕಾರಣ ಕೇಳಿದೆ. ಹಿರಿಯರ ಉತ್ತರವನ್ನು ಮೊದಲೇ ಬರೆದಿದ್ದೇನೆ. ಲನೆಥ್ಲಿಯು ತವರ ಲೇಪಿಸಿದ ತಗಡಿನ ಊರು. ದಕ್ಷಿಣ ವೇಲ್ಸಿನ ತಗಡಿಗೆ ದೊಡ್ಡ ಗಿರಾಕಿಯಾಗಿದ್ದ ಅಮೆರಿಕ 1890ರಲ್ಲಿ ಭಾರಿ ಆಮದು ಸುಂಕ ವಿಧಿಸಿ ಅದನ್ನು ದೂರವಿಟ್ಟಿತ್ತು. 1930ರ ದಶಕದ ಆರ್ಥಿಕ ಕುಸಿತ ಮತ್ತೆ ಕಾರ್ಖಾನೆಗಳ ಬಾಗಿಲು ಮುಚ್ಚಿಸಿತು. 1935ರ ಜನವರಿಯಲ್ಲಿ ಅಮೆರಿಕದ ಕ್ರೂಗರ್ ಕಂಪನಿ ಡಬ್ಬಿಯ ಬಿಯರನ್ನು ಮಾರುಕಟ್ಟೆಗೆ ತಂದಾಗ, ತಗಡಿನ ಉದ್ಯಮದೊಂದಿಗೆ ನಂಟಿದ್ದ ಈ ಕುಟುಂಬಕ್ಕೆ ಅದರಲ್ಲಿ ನೆರೆಹೊರೆಯವರ ಕೂಲಿ ಕಾಣಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಲ್ಲಿಯ ಡಬ್ಬಿ ಸಿದ್ಧವಾಯಿತು. ಶಂಕುವಿನಂತೆ ಕಿರಿದಾಗುವ ಅದರ ಬಾಯಿಗೆ ಬಾಟಲಿಯ ಮುಚ್ಚಳವನ್ನೇ ಹಾಕುತ್ತಿದ್ದರು. ಲೋಹದ ರುಚಿ ತಗುಲದಂತೆ ಒಳಗೆ ಮೇಣದ ಲೇಪವಿತ್ತು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿಯ ಡಬ್ಬಿಗಳು ಹೊರದೇಶಗಳಲ್ಲಿದ್ದ ಬ್ರಿಟಿಷ್ ಸೈನಿಕರವರೆಗೂ ಹೋದವು.

ಇದರಲ್ಲಿ ವ್ಯಾಪಾರದ ಲಾಭವೂ ಇತ್ತು, ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ತಮ್ಮ ಬೀದಿಯ ಜನ ಕೆಲಸವಿಲ್ಲದೆ ಕುಳಿತಿರುವುದನ್ನು ದಿನವೂ ಕಣ್ಣಾರೆ ಕಾಣುವ ಒಡೆಯರ ಲೆಕ್ಕಾಚಾರವು ಬೇರೆಯಾಗಿರುತ್ತದೆ ಎಂದು ನಾನು ನಂಬುತ್ತೇನೆ. ಪರಂಪರೆಯ ಹೆಸರಿನಲ್ಲಿ ಪೀಪಾಯಿಗಳನ್ನಷ್ಟೇ ಮೆಚ್ಚಿ ಹೊರಟ ನಮ್ಮ ಗುಂಪಿನವರು ಕಥೆಯ ಈ ಅರ್ಧವನ್ನು ಕೇಳಿಸಿಕೊಳ್ಳಲೇ ಇಲ್ಲವೆಂಬುದು ನನಗೆ ನಿಜವಾಗಿಯೂ ನೋವು ತಂದಿತು.

ನಾನು ಭಾರತದವಳೆಂದು ತಿಳಿದ ಹಿರಿಯರು ಟಾಟಾ ಕಂಪನಿಯ ಮಾತೆತ್ತಿದರು. 1920ರಲ್ಲಿ ಬರ್ಮಾ ಆಯಿಲ್ ಮತ್ತು ಟಾಟಾ ಸೇರಿ ಜಮ್‌ಶೆಡ್‌ಪುರದ ಬಳಿ ತಗಡಿನ ಕಂಪನಿ ಆರಂಭಿಸಿದಾಗ ಕೆಲಸ ಕಲಿಸಲು ಹೋದವರಲ್ಲಿ ವೇಲ್ಸಿನ ಕುಶಲ ಕಾರ್ಮಿಕರಿದ್ದರು. ನಮ್ಮಲ್ಲಿ ಸೀಮೆಎಣ್ಣೆ ತುಂಬುತ್ತಿದ್ದ ಡಬ್ಬಗಳ ಹಿಂದೆ ಈ ಊರುಗಳ ಕೈಗಳೂ ಇದ್ದವು. ಈಗ ಲನೆಥ್ಲಿಯ ಟ್ರೋಸ್ಟ್ರೆ ತಗಡಿನ ಕಾರ್ಖಾನೆ ಟಾಟಾ ಸ್ಟೀಲ್‌ನದು. ಅದಕ್ಕೆ ಉಕ್ಕು ಒದಗಿಸುವ, ಟಾಟಾದ್ದೇ ಆದ ಪೋರ್ಟ್ ಟಾಲ್ಬಟ್ ಕಾರ್ಖಾನೆಯ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರಿನಲ್ಲಿ ಆರಿದಂದಿನಿಂದ ಟ್ರೋಸ್ಟ್ರೆಯ ಚಿಂತೆ ತಮ್ಮನ್ನು ಕಾಡುತ್ತಿದೆ ಎಂದು ಅವರು ಹೇಳಿದರು. “ನಿಮ್ಮವರು ಅದನ್ನು ಉಳಿಸಿಕೊಳ್ಳುತ್ತಾರೆಯೇ?” ಎಂದು ನೇರವಾಗಿ ಕೇಳಿದರು. ಆ ನಿರ್ಧಾರ ಮಾಡುವವರಲ್ಲಿ ಯಾರೂ ನನಗೆ ಗೊತ್ತಿಲ್ಲ ಎಂದೆ. ತಮಗೂ ಗೊತ್ತಿಲ್ಲವೆಂದೂ, 1935ರಲ್ಲಾಗಿದ್ದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಊರಿಗೆಲ್ಲ ತಿಳಿದಿತ್ತೆಂದೂ ಅವರು ಹೇಳಿದರು.