ಮೆಸ್ ಟೇಬಲ್ ಮೇಲೆ ಬೋನಮ್

ನಮ್ಮ ಕಾಲದಲ್ಲಿ ಹಾಸ್ಟೆಲಿಗೆ ಹೊಸದಾಗಿ ಬಂದವರಿಗೆ ಸೀನಿಯರ್‌ಗಳು ಒಂದು ಪರೀಕ್ಷೆ ಇಡುತ್ತಿದ್ದರು. ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ರಾಕ್ ತಂಡದ 'ಹೈವೇ ಸ್ಟಾರ್' ಹಾಡು ಹಾಕಿ, ನಡುವೆ ಬರುವ ಮೊದಲ ಸೋಲೋ (ಒಂದೇ ವಾದ್ಯ ಮುಂದೆ ಬಂದು ನುಡಿಯುವ ಭಾಗ) ಯಾವ ವಾದ್ಯದ್ದು ಅಂತ ಕೇಳುವುದು. ಬಹುಪಾಲು ಎಲ್ಲರೂ ಗಿಟಾರ್ ಅನ್ನುತ್ತಿದ್ದರು. ಅದು ಆರ್ಗನ್. ತಂಡದ ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸುತ್ತಿದ್ದ. ಆ ಗೊರಗೊರ ಸದ್ದು ಅಲ್ಲಿಂದ ಬಂದದ್ದು. ತಪ್ಪು ಹೇಳಿದವನು ಎಲ್ಲರಿಗೂ ಕಾಫಿ, ಬೋಂಡಾ ಕೊಡಿಸಬೇಕು. (ಏಕವಚನ ಬಳಸಿದ್ದಕ್ಕೆ ಬೇಜಾರಾಗಬೇಡಿ. ಹಾಸ್ಟೆಲಿನಲ್ಲಿ ಅವರೆಲ್ಲ ನಮ್ಮ ಪಕ್ಕದ ರೂಮಿನವರೇ.)

ಈಗಿನ ಹುಡುಗರಿಗೆ ಇದು ವಿಚಿತ್ರ ಅನ್ನಿಸಬಹುದು. ಫೋನ್ ತೆಗೆದು ನೋಡಿದರೆ ಗೊತ್ತಾಗುತ್ತದೆ, ಅಲ್ವಾ? ನಮಗೆ ಫೋನೂ ಇರಲಿಲ್ಲ, ಕ್ಯಾಸೆಟ್ಟಿನ ಕವರೂ ಇರಲಿಲ್ಲ. ಬೆಂಗಳೂರಿಗೆ ಹೋದವರು 90 ನಿಮಿಷದ ಖಾಲಿ ಕ್ಯಾಸೆಟ್ ಕೊಟ್ಟು, ಒಂದು ಬದಿಗೆ ಒಂದು ಎಲ್‌ಪಿ ಅಂತ ರೆಕಾರ್ಡ್ ಮಾಡಿಸಿಕೊಂಡು ಬರುತ್ತಿದ್ದರು. ಹಾಸ್ಟೆಲಿನಲ್ಲಿ ಅದರ ನಕಲು, ಆ ನಕಲಿನ ಇನ್ನೊಂದು ನಕಲು. ಮೇಲೆ ನೀಲಿ ಇಂಕಿನಲ್ಲಿ ಹಾಡುಗಳ ಹೆಸರು, ಅದರಲ್ಲೂ ಅರ್ಧ ತಪ್ಪು. ಯಾರು ನುಡಿಸಿದ್ದು, ಯಾವುದರಲ್ಲಿ ನುಡಿಸಿದ್ದು, ತಂತಿ ಮೀಟುವ ಕಡ್ಡಿಯಲ್ಲೋ (ಪಿಕ್) ಬರೀ ಬೆರಳಲ್ಲೋ, ಎಲ್ಲವನ್ನೂ ಕಿವಿಯಿಂದಲೇ ಕಂಡುಹಿಡಿಯಬೇಕಿತ್ತು. ಜಗಳ ಆಗದೆ ಇರುತ್ತದಾ?

ಮೊದಲ ಜಗಳ ಗಿಟಾರಿನದ್ದು. ಕೆಳಗಿನ ಮಹಡಿಯ ಮೆಕ್ಯಾನಿಕಲ್‌ನವರೆಲ್ಲ ಡೀಪ್ ಪರ್ಪಲ್‌ನ ಗಿಟಾರಿನವನು ರಿಚಿ ಬ್ಲ್ಯಾಕ್‌ಮೋರ್ ಪಾರ್ಟಿ. ಮೇಲಿನ ಎಲೆಕ್ಟ್ರಾನಿಕ್ಸ್‌ನವರು ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಪಾರ್ಟಿ. ಕೆಳಗಿನವರ ವಾದ ಸರಳ: ವೇಗ. 'ಹೈವೇ ಸ್ಟಾರ್'ನಲ್ಲಿ ಆರ್ಗನ್ ಮುಗಿದ ಮೇಲೆ ಬರುವ ಗಿಟಾರ್ ಸೋಲೋ ಕೇಳಿ. ಒಂದೊಂದು ಸ್ವರವೂ ಕಡೆದಿಟ್ಟ ಹಾಗೆ ಸ್ಪಷ್ಟ. ಅದರ ಕೆಳಗೆ ಓಡುವ ಕಾರ್ಡ್‌ಗಳ (ಸ್ವರಗುಚ್ಛಗಳ) ಸಾಲಿಗೆ ಬಾಖ್‌ನ ಸಂಗೀತವೇ ಸ್ಫೂರ್ತಿ ಎಂದು ಬ್ಲ್ಯಾಕ್‌ಮೋರೇ ಹೇಳಿಕೊಂಡಿದ್ದಾನೆ. ನಮ್ಮ ಧಾರವಾಡದ ಗೆಳೆಯನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. "ಏನ್ಲೇ, ಬರೇ ಓಡಿದ್ರ ಹಾಡು ಆಗ್ತದೇನು?" ಅನ್ನುತ್ತಿದ್ದ. ಅವನದು ಗಿಲ್ಮೋರ್ ಪಕ್ಷ.

ಗಿಲ್ಮೋರ್ ಓಡುವವನಲ್ಲ. 1979ರ 'ದಿ ವಾಲ್' ಆಲ್ಬಮ್‌ನ 'ಅನದರ್ ಬ್ರಿಕ್ ಇನ್ ದಿ ವಾಲ್' ಎರಡನೇ ಭಾಗದ ಸೋಲೋ ತಗೊಳ್ಳಿ. ಒಂದು ಮೆಟ್ಟಿಲ (ಫ್ರೆಟ್) ಮೇಲೆ ತಂತಿ ಒತ್ತುತ್ತಾನೆ, ಮೀಟುತ್ತಾನೆ, ತಂತಿಯನ್ನು ಅಡ್ಡಕ್ಕೆ ಎಳೆಯುತ್ತಾನೆ. ಸ್ವರ ಮೇಲೇರುತ್ತದೆ. ಅಲ್ಲಿಂದ ಇನ್ನೂ ಎಳೆಯುತ್ತಾನೆ. ಮತ್ತೆ ಮೀಟದೆಯೇ ಇನ್ನೊಂದು ಸ್ವರ. ನಮ್ಮ ಕ್ಲಾಸಿನಲ್ಲಿ ವೀಣೆ ಕಲಿಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಕಾಲೇಜ್ ಡೇ ರಿಹರ್ಸಲ್ಲಿನಲ್ಲಿ ಯಾರೋ ಈ ಹಾಡು ಹಾಕಿದಾಗ ಕಿವಿಗೊಟ್ಟು ಕೇಳಿ, "ಒಂದೇ ಮೆಟ್ಟಿಲ ಮೇಲೆ ಮೂರು ಸ್ವರ ಎಳೀತಿದಾನಲ್ಲ! ನಮ್ಮ ಟೀಚರ್ ಇದನ್ನೇ ತಿಂಗಳುಗಟ್ಟಲೆ ಮಾಡಿಸ್ತಾರೆ" ಅಂದಳು. ಮೇಲಿನ ಮಹಡಿಯವರು ಆ ಮಾತನ್ನು ವರ್ಷವಿಡೀ ಹೇಳಿಕೊಂಡು ತಿರುಗಿದರು. ಬ್ಲ್ಯಾಕ್‌ಮೋರ್ ತನ್ನ ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿಕೊಂಡಿದ್ದಾನೆ, ಬೆರಳು ಹಲಗೆಗೆ ತಾಗದೆ ತಂತಿ ಮೇಲೇ ಇರಲಿ ಅಂತ, ಎಂಬ ಸುದ್ದಿ ಆಮೇಲೆ ಬಂತು. ವೀಣೆಯಲ್ಲೂ ಬೆರಳು ಹಲಗೆಗೆ ತಾಗಲ್ಲ, ಹಾಗಾದರೆ ಇವನದೂ ವೀಣೆಯ ದಾರಿಯೇ ಅಲ್ವಾ ಅಂತ ಕೆಳಗಿನವರು ಎದ್ದು ನಿಂತರು.

ಡೀಪ್ ಪರ್ಪಲ್‌ನದೇ 'ಸ್ಮೋಕ್ ಆನ್ ದಿ ವಾಟರ್' ಬಗ್ಗೆ ಒಂದು ಮಾತು. ಗಿಟಾರ್ ಹಿಡಿದ ಪ್ರತಿಯೊಬ್ಬನೂ ಮೊದಲು ಅದನ್ನೇ ನುಡಿಸುತ್ತಾನೆ, ಬಹುಪಾಲು ಎಲ್ಲರೂ ತಪ್ಪಾಗಿ. ನಮ್ಮ ಬ್ಲಾಕಿನಲ್ಲೊಂದು ಹಳೇ ಗಿಟಾರ್ ಇತ್ತು, ತಂತಿ ಇಷ್ಟೆತ್ತರ. ಅದರಲ್ಲಿ ಕಡ್ಡಿ ಹಿಡಿದು ಒಂದೊಂದೇ ತಂತಿ ಬಾರಿಸಿದರೆ ಆ ಗಡಸು ಬರುತ್ತಲೇ ಇರಲಿಲ್ಲ. ಬ್ಲ್ಯಾಕ್‌ಮೋರ್ ಅಲ್ಲಿ ಕಡ್ಡಿ ಬಿಟ್ಟು ಎರಡು ತಂತಿಯನ್ನು ಬೆರಳಿಂದ ಒಟ್ಟಿಗೆ ಚಿವುಟುತ್ತಾನೆ. ಎರಡೂ ಸ್ವರ ಒಂದೇ ಕ್ಷಣಕ್ಕೆ ಏಳುತ್ತವೆ. ಅಷ್ಟೇ ಗುಟ್ಟು.

ಆದರೆ ಹಾಸ್ಟೆಲನ್ನು ನಿಜವಾಗಿ ಇಬ್ಭಾಗ ಮಾಡಿದ್ದು ಡ್ರಮ್ಸ್. ಲೆಡ್ ಜೆಪೆಲಿನ್‌ನ ಜಾನ್ ಬೋನಮ್ ದೊಡ್ಡವನೋ, ದಿ ಹೂ ತಂಡದ ಕೀತ್ ಮೂನ್ ದೊಡ್ಡವನೋ? ಮಂಗಳೂರಿನ ಗೆಳೆಯ ಬೋನಮ್ ಭಕ್ತ. ಮೂನ್ ಬಾರಿಸೋದು ಪಟಾಕಿ ಅಂಗಡಿಗೆ ಬೆಂಕಿ ಬಿದ್ದ ಹಾಗೆ, ಅದಕ್ಕೆ ಡ್ರಮ್ಸ್ ಅಂತಾರಾ ಮಾರಾಯ, ಅನ್ನುತ್ತಿದ್ದ. ನಮ್ಮಲ್ಲಿ ಹೆಚ್ಚಿನವರು ಅವನ ಕಡೆಯೇ.

ನಮ್ಮ ಜೊತೆ ಹಾಸನದ ಕಡೆಯ ಒಬ್ಬ ಹುಡುಗನಿದ್ದ. ಚಿಕ್ಕಂದಿನಿಂದ ಮೃದಂಗ ಕಲಿತವನು. ಮಾತು ಕಡಿಮೆ. ರಾಕ್ ಅಂದರೆ ಅವನಿಗೆ ಆಗ ಏನೂ ಗೊತ್ತಿರಲಿಲ್ಲ. ಒಂದು ರಾತ್ರಿ ಮೆಸ್ಸಿನಲ್ಲಿ ಜೆಪೆಲಿನ್‌ನ 'ಕಾಶ್ಮೀರ್' ಹಾಕಿದ್ದೆವು, 1975ರ ಹಾಡು. ಇವನು ಸಾರನ್ನ ಕಲಸುತ್ತಾ ಕೂತಿದ್ದವನು ಕೈ ತೊಳೆದು ಬಂದು, "ಇನ್ನೊಂದ್ಸಲ ಹಾಕು" ಅಂದ. ಹಾಕಿದೆವು. ಬಲಗೈಯಲ್ಲಿ ಸ್ಟೀಲ್ ತಟ್ಟೆ ಮೇಲೆ ಮೂರು ಮೂರಾಗಿ, ಎಡಗೈಯಲ್ಲಿ ಟೇಬಲ್ ಮೇಲೆ ನಾಲ್ಕು ನಾಲ್ಕಾಗಿ ತಟ್ಟಲು ಶುರು ಮಾಡಿದ. ಗಿಟಾರಿನ ಸಾಲು ಮೂರು ಏಟಿಗೊಮ್ಮೆ ತಿರುಗಿ ಬರುತ್ತದೆ. ಬೋನಮ್‌ನ ಡ್ರಮ್ಸ್ ನಾಲ್ಕರಲ್ಲಿ ನಡೆಯುತ್ತದೆ. ಎರಡೂ ಬೇರೆ ಬೇರೆ ಹೊರಟು 12ನೇ ಏಟು ಮುಗಿದೊಡನೆ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತವೆ. ತಟ್ಟೆಯೂ ಟೇಬಲ್ಲೂ ಒಟ್ಟಿಗೆ ಬಿದ್ದಾಗ ನಮಗೆಲ್ಲ ಮೈ ಝುಂ ಅಂದಿತು. ಆ ಹಾಡನ್ನು ನಾವು ಎಷ್ಟು ಸಲ ಕೇಳಿದ್ದೆವೋ. ಆ ಎಳೆದಾಟ ಎಲ್ಲಿಂದ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಅಲ್ಲಿಂದ ಅವನೇ ನಮ್ಮ ಜಡ್ಜ್. ಪಿಂಕ್ ಫ್ಲಾಯ್ಡ್‌ನ 'ಮನಿ' ಕೇಳಿಸಿದೆವು. ಏಳು ಅಂದ. ನಮ್ಮ ಏಳೆಣಿಕೆಯ ತಾಳ ಮಿಶ್ರ ಚಾಪು ಅಂತಲೇ ಹೇಳೋಕಾಗಲ್ಲ, ಆದ್ರೆ ಎಣಿಕೆ ಏಳು. ಸ್ಯಾಕ್ಸೊಫೋನ್ ಕೂಡ ಏಳರಲ್ಲೇ ನುಡಿಯಿತು. ಗಿಟಾರ್ ಸೋಲೋ ಬಂದ ಕೂಡಲೇ ಕೈ ನಿಲ್ಲಿಸಿ ನಕ್ಕ: "ಈಗ ನಾಲ್ಕಕ್ಕೆ ಬಂದ್ರು." ಕೆಳಗಿನ ಮಹಡಿಯವರಿಗೆ ಹಬ್ಬ. ನಿಮ್ಮ ಗಿಲ್ಮೋರ್‌ಗೆ ಏಳು ಎಣಿಸೋಕೆ ಬರಲ್ವಾ ಅಂತ ಒಂದು ವಾರ ಕಾಡಿದರು. ನನ್ನನ್ನು ಕೇಳಿದರೆ, ಏಳರಿಂದ ನಾಲ್ಕಕ್ಕೆ ಬೀಳುವ ಆ ಜಾಗದಲ್ಲೇ ಹಾಡು ಓಟ ಕೀಳುವುದು. ಅದು ಬೇಕಂತಲೇ ಮಾಡಿದ್ದು.

ಇಂಥವನು ಬೋನಮ್ ಕಡೆ ಬರುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಬರಲಿಲ್ಲ. ಮೂನ್ ಕಡೆ ಹೋದ! ಅವನ ವಾದ ಇದು. ದಿ ಹೂ ತಂಡದಲ್ಲಿ ತಾಳ ಹಿಡಿಯುವವನು ಡ್ರಮ್ಮರ್ ಅಲ್ಲ, ಗಿಟಾರ್ ಹಿಡಿದ ಪೀಟ್ ಟೌನ್‌ಶೆಂಡ್. ಅವನ ಬಲಗೈ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಮೂನ್‌ಗೆ ತಾಳ ಕಾಯುವ ಕೆಲಸವಿಲ್ಲ. ಅವನು ಹಾಡಿಗೆ ನುಡಿಸುತ್ತಾನೆ. ಗಾಯಕನ ಸಾಲು ಎಲ್ಲಿ ಏರುತ್ತದೋ ಅಲ್ಲಿ ಉರುಳಿಕೆ, ಎಲ್ಲಿ ಮುಗಿಯುತ್ತದೋ ಅಲ್ಲಿ ಸಿಂಬಲ್ (ಲೋಹದ ತಟ್ಟೆ) ಏಟು. ಕಛೇರಿಯಲ್ಲಿ ಒಳ್ಳೆಯ ಮೃದಂಗದವರು ಸಾಹಿತ್ಯದ ಜೊತೆಗೇ ಹೋಗುತ್ತಾರಲ್ಲ, ಅದೇ ಕೆಲಸ, ಸ್ವಲ್ಪ ಗಲಾಟೆ ಜಾಸ್ತಿ ಅಷ್ಟೇ, ಅಂದ. ಮಂಗಳೂರಿನವನು ಎರಡು ದಿನ ಅವನ ಹತ್ತಿರ ಮಾತು ಬಿಟ್ಟ.

ಆದರೆ ಆಮೇಲೆ ಮೂನ್‌ನನ್ನು ಕೇಳಿದಾಗ ನನಗೆ ಬೇರೆಯೇ ಕೇಳತೊಡಗಿತು. ಬೇರೆ ಡ್ರಮ್ಮರ್‌ಗಳು ಎಡಗಾಲಲ್ಲಿ ಹೈ-ಹ್ಯಾಟ್ (ಜೋಡಿ ಸಿಂಬಲ್) ತುಳಿದು ಲೆಕ್ಕ ಇಡುತ್ತಾರೆ. ಮೂನ್ ಅದನ್ನು ಮುಟ್ಟುವುದೇ ಅಪರೂಪ. ಕಾಲಲ್ಲಿ ಪೆಡಲ್ ತುಳಿದು ಬಾರಿಸುವ ದೊಡ್ಡ ಬಾಸ್ ಡ್ರಮ್ ಎರಡು ಇಟ್ಟುಕೊಂಡು ತೊಮ್ ತೊಮ್ ಅಂತ ಸುತ್ತುತ್ತಲೇ ಇರುತ್ತಾನೆ. ಬೋನಮ್ ಇದಕ್ಕೆ ತದ್ವಿರುದ್ಧ. ಒಂದೇ ಬಾಸ್ ಡ್ರಮ್, ಒಂದೇ ಪೆಡಲ್. 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್' ಹಾಡಿನಲ್ಲಿ ಆ ಒಂದೇ ಕಾಲಲ್ಲಿ ಎಂಥ ಏಟು ತೆಗೆಯುತ್ತಾನೆ ಅಂದರೆ, ಎರಡು ಪೆಡಲ್ ಇದೆ ಅಂತ ಆಣೆ ಮಾಡಿದವರು ನಮ್ಮಲ್ಲೂ ಇದ್ದರು.

ಜೆಪೆಲಿನ್‌ನ 'ವೆನ್ ದಿ ಲೆವೀ ಬ್ರೇಕ್ಸ್' ಹಾಡಿನ ಡ್ರಮ್ಸ್ ಸದ್ದಿನ ಕಥೆ ಗೊತ್ತಾದದ್ದು ಫೈನಲ್ ಇಯರಿನಲ್ಲಿ, ಯಾವುದೋ ಹಳೇ ಇಂಗ್ಲಿಷ್ ಪತ್ರಿಕೆಯಿಂದ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೇಲಿಂದ ಎರಡು ಮೈಕ್ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು. ಆಲ್ಬಮ್ ಬಂದದ್ದು 1971ರಲ್ಲಿ. ನಮ್ಮ ಹಾಸ್ಟೆಲಿಗೂ ಮೂರು ಮಹಡಿ, ಮೆಟ್ಟಿಲೂ ಇತ್ತು. ಸುಮ್ನೆ ಬಿಡ್ತೀವಾ? ಸ್ನಾನದ ಬಕೆಟ್ಟುಗಳನ್ನು ಬೋರಲು ಹಾಕಿ, ಮೃದಂಗದವನನ್ನು ಕೂರಿಸಿ, ಎರಡನೇ ಮಹಡಿಯಿಂದ ಟೇಪ್ ರೆಕಾರ್ಡರ್ ಅನ್ನು ಹಗ್ಗ ಕಟ್ಟಿ ಇಳಿಬಿಟ್ಟೆವು. ಸದ್ದು ಅದ್ಭುತವಾಗಿ ಬಂತು. ಕ್ಯಾಸೆಟ್ಟಿನ ಕೊನೆಗೆ ವಾರ್ಡನ್ ದನಿಯೂ ಅದೇ ಗಾಂಭೀರ್ಯದಲ್ಲಿ ಬಂತು.

ಮೆಕ್ಯಾನಿಕಲ್‌ನವರಿಗೆ ಇನ್ನೊಬ್ಬ ದೇವರಿದ್ದ: ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರಿನವನು ಟೋನಿ ಅಯೋಮಿ. ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ಶೀಟ್ ಮೆಟಲ್ ಸೆಕ್ಷನ್‌ಗೆ ಹೋದ ದಿನವೇ ಸೀನಿಯರ್‌ಗಳು ಅವನ ಕಥೆ ಹೇಳುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಕಾರ್ಖಾನೆ. 17ರ ಹುಡುಗ. ಕೆಲಸ ಬಿಡಬೇಕಿದ್ದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಗೈಯಲ್ಲಿ ಮೀಟುವವನು. ಅಂದರೆ ಹೋದದ್ದು ತಂತಿ ಒತ್ತುವ ಬೆರಳುಗಳೇ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ತೆಳು ತಂತಿ ಹಾಕಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಶ್ರುತಿಯನ್ನೂ ಕೆಳಗಿಳಿಸಿದ, ತಂತಿ ಸಡಿಲವಾಗಲಿ ಅಂತ. ಆ ಭಾರದ ಸದ್ದನ್ನು ಆಮೇಲೆ ಲೋಕವೆಲ್ಲ ಹಿಡಿದುಕೊಂಡಿತು. ಇವನ ಬಗ್ಗೆ ಮಾತ್ರ ನಮ್ಮಲ್ಲಿ ಜಗಳವಿರಲಿಲ್ಲ.

ಡೈರ್ ಸ್ಟ್ರೇಟ್ಸ್ ತಂಡದ ಗಿಟಾರಿನವನು ಮಾರ್ಕ್ ನಾಫ್ಲರ್ ಕಡ್ಡಿ ಹಿಡಿಯುತ್ತಾನೋ ಇಲ್ಲವೋ ಎಂಬ ವ್ಯಾಜ್ಯ ಮಾತ್ರ ಕಾಲೇಜು ಮುಗಿದರೂ ಮುಗಿದಿರಲಿಲ್ಲ. ಅವನು 2005ರಲ್ಲಿ ಬೆಂಗಳೂರಿಗೆ ಬಂದ. ಹಾಸ್ಟೆಲಿನ ಅರ್ಧ ಗ್ಯಾಂಗು, ಕೆಲವರು ಹೆಂಡತಿಯರ ಸಮೇತ, ಹಾಜರ್. ಎಲ್ಲರ ಕಣ್ಣೂ ಅವನ ಬಲಗೈ ಮೇಲೆ. ಹೆಬ್ಬೆರಳು, ಪಕ್ಕದ ಎರಡು ಬೆರಳು, ಬೇರೇನಿಲ್ಲ. 'ಸುಲ್ತಾನ್ಸ್ ಆಫ್ ಸ್ವಿಂಗ್' ಬಂದಾಗ ಹಳೇ ಪಂದ್ಯದ ಕಾಫಿ, ಬೋಂಡಾ ಲೆಕ್ಕ ಅಲ್ಲೇ ಚುಕ್ತಾ ಆಯಿತು. ಅದಕ್ಕೂ ಮುಂಚೆ, 2002ರಲ್ಲಿ, ಅರಮನೆ ಮೈದಾನಕ್ಕೆ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬಂದಿದ್ದ. ಗಿಲ್ಮೋರ್ ಜೊತೆಗಿರಲಿಲ್ಲ. 'ಕಂಫರ್ಟಬ್ಲಿ ನಂಬ್' ಹಾಡಿನ ಅವನ ಸೋಲೋವನ್ನು ಬೇರೆಯವರು ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ಧಾರವಾಡದವನು ಮಾತ್ರ ಕೈಕಟ್ಟಿ ನಿಂತೇ ಇದ್ದ. ಸ್ವರ ಎಲ್ಲಾ ಸರಿ ಅದಾವ, ಎಳೆತ ಗಿಲ್ಮೋರಂದಲ್ಲ, ಅಂದ.

ಮೂನ್ ತೀರಿಕೊಂಡದ್ದು 1978ರ ಸೆಪ್ಟೆಂಬರ್ 7ಕ್ಕೆ, ಬೋನಮ್ 1980ರ ಸೆಪ್ಟೆಂಬರ್ 25ಕ್ಕೆ. ಇಬ್ಬರಿಗೂ 32 ವರ್ಷ. ಹಾಗಾಗಿ ಪ್ರತಿ ಸೆಪ್ಟೆಂಬರ್‌ನಲ್ಲಿ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಯುದ್ಧ. 7ನೇ ತಾರೀಕು ಬೆಳಗ್ಗೆಯೇ ಮೃದಂಗದವನು ಮೂನ್ ವಿಡಿಯೋ ಹಾಕುತ್ತಾನೆ. ಮಂಗಳೂರಿನವನು 25ರವರೆಗೆ ಕಾಯುವುದಿಲ್ಲ, ಹತ್ತೇ ನಿಮಿಷದಲ್ಲಿ ಬೋನಮ್‌ನ ಡ್ರಮ್ಸ್ ಸೋಲೋ 'ಮೊಬಿ ಡಿಕ್' ಹಾಕುತ್ತಾನೆ. ಹೋದ ವರ್ಷ ಧಾರವಾಡದವನು ನಡುವೆ ಬಾಯಿ ಹಾಕಿ, ಇಬ್ಬರಿಗಿಂತ ಡೀಪ್ ಪರ್ಪಲ್‌ನ ಡ್ರಮ್ಮರ್ ಇಯಾನ್ ಪೇಸ್ ಮೇಲು, ಅದೂ ಎಡಗೈಯವನು, ಅಂದುಬಿಟ್ಟ. ಗಿಲ್ಮೋರ್ ಪಕ್ಷದವನಿಗೆ ಪರ್ಪಲ್ ಮೇಲೆ ಯಾವಾಗಿನಿಂದ ಪ್ರೀತಿ ಅಂತ ಕೆಳಗಿನ ಮಹಡಿಯವರು ಕೇಳುತ್ತಿದ್ದಾರೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.