ನಿಪ್ಪಿ, ಚಿಲ್ಲಿ, ಫ್ರಾಸ್ಟಿ: ಬ್ರಿಟನ್ನಿನಲ್ಲಿ ಚಳಿ ಮತ್ತು ಮುಖಭಾವದ ಮಾತು

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬ್ರಿಟನ್ನಿನಲ್ಲಿ ನವೆಂಬರ್ ಕಳೆದರೆ ಅದು ಸಾಧಾರಣ ಮಧ್ಯಾಹ್ನ. ಸ್ಕಾಟ್ಲೆಂಡಿನ ಬ್ರೇಮರ್ 1982ರ ಜನವರಿಯಲ್ಲಿ ಮೈನಸ್ 27.2 ಕಂಡಿದೆ. ಹಾಗಾಗಿ ಅಕ್ಟೋಬರಿನಲ್ಲೇ ಎಲ್ಲದಕ್ಕೂ 'ವೆರಿ ಕೋಲ್ಡ್' ಎಂದು ಖರ್ಚು ಮಾಡಿಬಿಟ್ಟರೆ ಜನವರಿಗೆ ಮಾತು ಉಳಿಯುವುದಿಲ್ಲ.

ಅಲ್ಲಿನವರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಕೂಲ್ ಅಂದರೆ ಬರೀ ತಂಪು. ಚಿಲ್ಲಿ ಅಂದರೆ ಸ್ವೆಟರ್ ಬೇಕು (ಮೆಣಸಿನಕಾಯಿಗೂ ಇದಕ್ಕೂ ಉಚ್ಚಾರ ಒಂದೇ, ಸಂದರ್ಭ ನೋಡಿ ತಿಳಿಯಬೇಕು). ನಿಪ್ಪಿ ಅಂದರೆ ಕಿವಿ, ಬೆರಳು ಚುರುಗುಟ್ಟುವಷ್ಟು. ವಯಸ್ಸಾದವರು ಇದನ್ನೇ ಪಾರ್ಕಿ ಅನ್ನುತ್ತಾರೆ. ಬಿಟರ್, ಬೈಟಿಂಗ್ ಎರಡೂ ಗಾಳಿ ಸೇರಿದ ಚಳಿಗೆ. ರಾ ಅಂದರೆ ಮಳೆಯ ತೇವ ಮೂಳೆಗೆ ಇಳಿಯುವ ಚಳಿ. ಕ್ರಿಸ್ಪ್ ಮಾತ್ರ ಹೊಗಳಿಕೆ: ಬಿಸಿಲು ಬಿದ್ದ, ಒಣ ಹವೆಯ ಬೆಳಗು. ಫ್ರೀಜಿಂಗ್ ಎಂದು ಯಾರಾದರೂ ಅಂದರೆ ನೀರು ಹೆಪ್ಪುಗಟ್ಟಿದೆ ಎಂದೇನೂ ಅಲ್ಲ, ಅದು ನಮ್ಮ 'ಚಳಿಗೆ ಸತ್ತೇಹೋದೆ' ಇದ್ದ ಹಾಗೆ. ಇನ್ನು 'ಎ ಬಿಟ್ ನಿಪ್ಪಿ'ಯನ್ನು ನಂಬಿ ತೆಳು ಜಾಕೆಟ್ಟಿನಲ್ಲಿ ಹೊರಡಬೇಡಿ. ಸೊನ್ನೆಗಿಂತ ಕೆಳಗಿದ್ದರೂ ಬ್ರಿಟಿಷರು 'ಎ ಬಿಟ್' ಅನ್ನುತ್ತಾರೆ.

ಫ್ರಾಸ್ಟ್ ಎಂಬುದಕ್ಕೆ ಮಾತ್ರ ಅಳತೆ ಇದೆ. ನೆಲದಿಂದ ಕನಿಷ್ಠ ಒಂದು ಮೀಟರ್ ಎತ್ತರದ ಗಾಳಿ ಸೊನ್ನೆಗೆ ಇಳಿದರೆ ಏರ್ ಫ್ರಾಸ್ಟ್; ನೆಲವಷ್ಟೇ ಇಳಿದರೆ ಗ್ರೌಂಡ್ ಫ್ರಾಸ್ಟ್. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ಆದ್ದರಿಂದ ಮೊಬೈಲಿನಲ್ಲಿ 3 ಡಿಗ್ರಿ ಕಂಡರೂ ಫುಟ್‌ಪಾತ್ ಮೇಲೆ ಐಸ್ ಇರಬಹುದು. ಕಣ್ಣಿಗೆ ಬರೀ ಒದ್ದೆ ರಸ್ತೆಯಂತೆ ಕಾಣುವ ತೆಳು ಪದರ ಬ್ಲ್ಯಾಕ್ ಐಸ್. ಹೊಸಬರು ಜಾರಿ ಬೀಳುವುದು ಹೆಚ್ಚಾಗಿ ಅದರ ಮೇಲೇ.

ಇದೇ ಮೆಟ್ಟಿಲುಗಳು ಮನುಷ್ಯರ ನಡವಳಿಕೆಗೂ ಇವೆ. ಆದರೆ ಎಲ್ಲವೂ ದಾಟಿ ಬರುವುದಿಲ್ಲ, ಎಡವುವುದು ಅಲ್ಲೇ. ಕೂಲ್, ಚಿಲ್ಲಿ, ಫ್ರಾಸ್ಟಿ, ಐಸಿ: ಈ ನಾಲ್ಕು ದಾಟುತ್ತವೆ, ಇದೇ ಕ್ರಮದಲ್ಲಿ ಬಿರುಸಾಗುತ್ತವೆ. ಮೀಟಿಂಗಿನಲ್ಲಿ ನಿಮ್ಮ ಯೋಜನೆಗೆ 'ಕೂಲ್ ರಿಸೆಪ್ಷನ್' ಸಿಕ್ಕಿತೆಂದರೆ ಯಾರಿಗೂ ಉತ್ಸಾಹವಿರಲಿಲ್ಲ. 'ಫ್ರಾಸ್ಟಿ' ಎಂದರೆ ಯಾರೋ ಮುಖ ಗಂಟು ಹಾಕಿಕೊಂಡಿದ್ದರು. 'ಐಸಿ' ಎಂದರೆ ಸಿಟ್ಟು ಒಳಗೇ ಇದೆ, ದನಿ ಮಾತ್ರ ಏರಿಲ್ಲ. ನಿಪ್ಪಿ ದಾಟುವುದಿಲ್ಲ. ಚುರುಕಾಗಿ ಓಡುವ ಸಣ್ಣ ಕಾರಿಗೆ ಆ ಮಾತು ಸಲ್ಲುತ್ತದೆ. ಸ್ಕಾಟ್ಲೆಂಡಿನಲ್ಲಿ ಮಾತ್ರ ನಾಲಿಗೆ ಹರಿತವಾದವರಿಗೂ ಅನ್ನುತ್ತಾರೆ. ಬಿಟರ್ ಮನುಷ್ಯ ಎಂದರೆ ಹಳೆಯ ಕಹಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವನು, ಬಿಗುಮಾನದವನಲ್ಲ. ಬ್ರಿಸ್ಕ್ ಎಂದರೆ ಬೇಗ ಕೆಲಸ ಮುಗಿಸಿ ಹೊರಡುವ ರೀತಿ. ನರ್ಸ್ ಬ್ರಿಸ್ಕ್ ಆಗಿದ್ದರು ಅಂದರೆ ದೂರಲ್ಲ. ಫ್ರಿಜಿಡ್ ಅನ್ನು ಹವೆಗೆ, ಎರಡು ದೇಶಗಳ ಸಂಬಂಧಕ್ಕೆ ಬಳಸಿ. ಹೆಂಗಸರ ಬಗ್ಗೆ ಎಂದೂ ಬಳಸಬೇಡಿ, ಅದಕ್ಕೆ ಲೈಂಗಿಕ ಅರ್ಥವಿದೆ, ಅವಮಾನವಾಗುತ್ತದೆ.

ಕೂಲ್ ಪದದ ಜೊತೆ ಬರುವ ಸಣ್ಣ ಪದವನ್ನು ಕಿವಿಗೊಟ್ಟು ಕೇಳಬೇಕು. 'ಐ ಆಮ್ ಕೂಲ್ ವಿತ್ ದಟ್' ಅಂದರೆ ನನ್ನ ಅಭ್ಯಂತರವಿಲ್ಲ. 'ಶೀ ವಾಸ್ ಕೂಲ್ ಟುವರ್ಡ್ಸ್ ಮಿ' ಅಂದರೆ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಹಾಗೆಯೇ 'ಹೀ ಈಸ್ ಚಿಲ್' ಅಂದರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಆಸಾಮಿ, 'ಹೀ ಈಸ್ ಚಿಲ್ಲಿ' ಅಂದರೆ ಅವನಿಗೆ ಚಳಿಯಾಗುತ್ತಿದೆ, ಇಲ್ಲವೇ ಅವನು ಮುಖ ಕೊಟ್ಟು ಮಾತಾಡುತ್ತಿಲ್ಲ.

ಆಫೀಸಿನಲ್ಲಿ ಯಾರಾದರೂ ಒರಟಾಗಿ ನಡೆದುಕೊಂಡರೆ ಮ್ಯಾನೇಜರಿಗೆ 'ಹೀ ಈಸ್ ಕೋಲ್ಡ್' ಎನ್ನುವುದಕ್ಕಿಂತ 'ಹೀ ವಾಸ್ ಶಾರ್ಟ್ ವಿತ್ ಮಿ' (ನನ್ನೊಡನೆ ಗಡುಸಾಗಿ, ಮೊಟಕಾಗಿ ಮಾತಾಡಿದರು) ಎನ್ನುವುದು ಮೇಲು. ಮೊದಲನೆಯದು ಆ ವ್ಯಕ್ತಿಯ ಸ್ವಭಾವಕ್ಕೇ ತೀರ್ಪು ಕೊಟ್ಟಂತೆ, ಎರಡನೆಯದು ಆ ಹೊತ್ತಿನ ಒಂದು ಮಾತಿನ ಬಗ್ಗೆ. ಗುರುತಿದ್ದೂ ಗುರುತಿಲ್ಲದವರಂತೆ ದಾಟಿಹೋದರೆ 'ಬ್ಲ್ಯಾಂಕ್ಡ್ ಮಿ'. ಬಸ್ಸಿನಲ್ಲಿ ಪಕ್ಕದವರು ಮಾತಾಡದಿರುವುದಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಅದೇ ಮರ್ಯಾದೆ.

ನಮ್ಮವರೇ ಕೋಲ್ಡ್, ಕರ್ಟ್ (ಮಾತು ಮೊಟಕು, ಒರಟು) ಅನ್ನಿಸಿಕೊಳ್ಳುವುದೂ ಉಂಟು, ಅದಕ್ಕೆ ಕಾರಣ ಕನ್ನಡದ ವ್ಯಾಕರಣ. 'ಒಂದು ಕಾಫಿ ಕೊಡಿ' ಎಂಬುದರಲ್ಲಿ ಮರ್ಯಾದೆಯೆಲ್ಲ 'ಕೊಡಿ'ಯ ಕೊನೆಯಲ್ಲೇ ಇದೆ. ಉತ್ತರ ಕರ್ನಾಟಕದವರಾದರೆ ಒಂದು 'ರೀ' ಹಾಕಿ ಮುಗಿಸುತ್ತಾರೆ. ಇಂಗ್ಲಿಷಿನ 'ಗಿವ್ ಮಿ ಒನ್ ಕಾಫಿ'ಯಲ್ಲಿ ಆ ಬಾಲವಿಲ್ಲ, 'ಕೊಡು' ಎಂದು ಗದರಿದಂತೆ ಕೇಳುತ್ತದೆ. 'ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?' ಎನ್ನಿ, ಕಪ್ ಕೈಗೆ ಬಂದಾಗ 'ಥ್ಯಾಂಕ್ಸ್' ಎನ್ನಿ. ಮನೆಯಲ್ಲಿ ಅತಿಯೆನಿಸುವ ಈ ಪ್ಲೀಸ್, ಥ್ಯಾಂಕ್ಸ್ ಅಲ್ಲಿ ಕನಿಷ್ಠ ದರ.

ಆಫೀಸಿನಲ್ಲಿ ನಿಜವಾಗಿಯೂ ಚಳಿಯಾದರೆ 'ಇಟ್ಸ್ ಎ ಬಿಟ್ ಚಿಲ್ಲಿ ಇನ್ ಹಿಯರ್, ಇಸಂಟ್ ಇಟ್?' ಎಂದರೆ ಸಾಕು, ಕಿಟಕಿ ಮುಚ್ಚಿ ಎಂಬ ಕೋರಿಕೆ ಅದರೊಳಗೇ ಇದೆ. ಯಾರೂ ಕದಲದಿದ್ದರೆ ನೇರವಾಗಿ ಕೇಳಿ. ಅಲ್ಲಿನ ಕೆಲಸದ ಸ್ಥಳಗಳ ಮಾರ್ಗಸೂಚಿಯಲ್ಲಿ ಕನಿಷ್ಠ 16 ಡಿಗ್ರಿ ಎಂದಿದೆ, ಮೈಮುರಿಯುವ ಕೆಲಸವಿದ್ದರೆ 13. ಕೋಣೆಯ ಥರ್ಮಾಮೀಟರಿನ ಫೋಟೊ ತೆಗೆದಿಟ್ಟುಕೊಂಡರೆ ಇಮೇಲಿನಲ್ಲಿ ವಿಶೇಷಣಗಳ ಗೊಡವೆಯೇ ಇರುವುದಿಲ್ಲ.