ತುಟಿಯ ಲೆಕ್ಕ

ನಮ್ಮ ಬ್ಯಾಂಡ್ ಮೇಷ್ಟ್ರು ಆರ್ಕೆಸ್ಟ್ರಾ ಮತ್ತು ಹಿತ್ತಾಳೆಯ ಊದುವಾದ್ಯಗಳ ಬ್ರಾಸ್ ಬ್ಯಾಂಡ್ ಎರಡನ್ನೂ ನಡೆಸಿದವರು. ಟ್ರಂಪೆಟ್ ಊದುತ್ತ ಬಂದು, ಕೋಲು ಹಿಡಿದು ವಾದ್ಯವೃಂದ ನಡೆಸುವ ಕಂಡಕ್ಟರ್ ಆದ ಎಲ್ಗರ್ ಹೋವರ್ತ್ ಅವರನ್ನು ಆಗಾಗ ನೆನೆಯುತ್ತಿದ್ದರು. ಇಂಗ್ಲೆಂಡಿನ ಗಣಿ ಕಾರ್ಮಿಕರ ಗ್ರೈಮ್‌ಥೋರ್ಪ್ ಬ್ಯಾಂಡನ್ನು ಬೆಳೆಸಿದ ಹೋವರ್ತರೇ 1978ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಂಗೀತ ಸಂಯೋಜಕ ಲಿಗೆಟಿಯ ಆಪೆರಾದ ಮೊದಲ ಪ್ರದರ್ಶನವನ್ನೂ ನಡೆಸಿದ್ದರು.

ಕೋಲು ಒಂದೇ ಆದರೂ ಕಿವಿಯ ಕೆಲಸ ಬೇರೆ. ಆರ್ಕೆಸ್ಟ್ರಾದಲ್ಲಿ ಪಿಟೀಲು, ಓಬೋ, ಹಾರ್ನ್ ತಮ್ಮ ತಮ್ಮ ದನಿಯಿಂದಲೇ ಬೇರೆಯಾಗಿ ಕೇಳುತ್ತವೆ. ಬ್ರಾಸ್ ಬ್ಯಾಂಡಿನ 25 ಊದುವಾದ್ಯಗಳು ಒಂದೇ ಮನೆಯ ಮಕ್ಕಳಂತೆ. ಹತ್ತು ಕಾರ್ನೆಟ್‌ಗಳು ಜೋರಾದರೆ ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್ ಮುಳುಗಿಯೇ ಹೋಗುತ್ತವೆ. ಅದಕ್ಕೇ ಮೇಷ್ಟ್ರು ಎಲ್ಲಕ್ಕಿಂತ ತಗ್ಗು ದನಿಯ ನಾಲ್ಕು ಟ್ಯೂಬಾಗಳಿಂದ ಶುರುಮಾಡಿ, ಕೆಳಗಿನಿಂದ ಮೇಲಕ್ಕೆ ಸ್ವರಮೇಳ ಕಟ್ಟಿಸುತ್ತಿದ್ದರು.

ತಣ್ಣಗಿನ ವಾದ್ಯಕ್ಕೆ ಶ್ರುತಿ ಹಿಡಿಸುತ್ತಲೇ ಇರಲಿಲ್ಲ. ಒಳಗಿನ ಗಾಳಿ ಬೆಚ್ಚಗಾದಂತೆ ಊದುವಾದ್ಯದ ಶ್ರುತಿ ಏರುತ್ತದೆ, ತಂತಿಯದ್ದು ಇಳಿಯುತ್ತದೆ. ಸೆಕೆಯ ಸಭಾಂಗಣದಲ್ಲಿ ಆರ್ಕೆಸ್ಟ್ರಾ ಎರಡು ಹೋಳಾಗುವುದು ಹೀಗೆ. ಇನ್ನು ಕೊಳವೆಯ ಉದ್ದ ಹೆಚ್ಚಿಸುವ ವಾಲ್ವ್‌ಗಳಲ್ಲಿ ಒಂದನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಒತ್ತಿದರೆ ಕೊಳವೆಯ ಉದ್ದ ಸಾಲದೆ ಸ್ವರ ಮೇಲಕ್ಕೆ ಜಾರುತ್ತದೆ. ಕಾರ್ನೆಟ್‌ನವರು ಮೂರನೇ ವಾಲ್ವಿನ ಜಾರುಕೊಳವೆಯನ್ನು (ಸ್ಲೈಡ್) ಹೊರಗೆ ತಳ್ಳಲೇಬೇಕು. ಮೇಜರ್ ಸ್ವರಮೇಳದ ಮೂರನೇ ಸ್ವರ ಯಾರ ಪಾಲಿಗೆ ಬಂದಿದೆಯೋ ಅವರು ಸುಮಾರು 14 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ ಹಿಡಿಯಬೇಕು. ಆಗ ಇಡೀ ಕೋಣೆ ತುಂಬಿಕೊಳ್ಳುತ್ತದೆ. ಅದನ್ನು ಕೇಳಿದ ಕಿವಿಗೆ ಬೇರೆ ಯಾವುದೂ ಒಪ್ಪುವುದಿಲ್ಲ.

ಎಲ್ಲ ವಾದ್ಯಗಳ ಸ್ವರ ಬರೆದಿರುವ ಮೇಷ್ಟ್ರ ಸ್ಕೋರಿನ ಅಂಚಿನಲ್ಲಿ ಪೆನ್ಸಿಲ್ ಗುರುತುಗಳು ತುಂಬಿರುತ್ತಿದ್ದವು. ಬ್ರಾಸ್ ಬ್ಯಾಂಡಿನಲ್ಲಿ ಬಾಸ್ ಟ್ರಾಂಬೋನ್ ಬಿಟ್ಟು ಊದುವವರೆಲ್ಲರಿಗೂ ಟ್ರೆಬಲ್ ಕ್ಲೆಫ್, ಅಂದರೆ ಎತ್ತರದ ಸ್ವರಗಳಿಗೆ ಬಳಸುವ ಬರಹ. ಇ ಫ್ಲಾಟ್ ಟ್ಯೂಬಾ ಬರೆದದ್ದಕ್ಕಿಂತ ಒಂದು ಸಪ್ತಕ ಮತ್ತು ಮೇಜರ್ ಸಿಕ್ಸ್ತ್‌ನಷ್ಟು (ಒಂಬತ್ತು ಅರ್ಧಸ್ವರ) ಕೆಳಗೆ ನುಡಿಯುತ್ತದೆ. ಕಣ್ಣು ಮೋಸಹೋಗದಿರಲೆಂದು ನಿಜವಾಗಿ ಕೇಳುವ ಸ್ವರವನ್ನೇ ಪಕ್ಕದಲ್ಲಿ ಬರೆದಿಡುತ್ತಿದ್ದರು.

ಎಲ್ಲಕ್ಕಿಂತ ಮುಖ್ಯ ತುಟಿಯ ಲೆಕ್ಕ. ಎರಡು ಗಂಟೆಯ ತಾಲೀಮಾದರೆ, ಎತ್ತರದ ಜೋರು ಭಾಗಗಳು ಮೈ ಬೆಚ್ಚಗಾದ ತಕ್ಷಣವೇ ಮುಗಿಯಬೇಕು; ಆಮೇಲೆ ಮೆಲುದನಿಯವು. ತುಟಿ ಸೋತವರು ಮೌತ್‌ಪೀಸನ್ನು ಒತ್ತಿ ಹಿಡಿಯುತ್ತಾರೆ, ರಕ್ತ ಓಡಾಡದೆ ಸ್ವರ ಇನ್ನಷ್ಟು ಒಡೆಯುತ್ತದೆ. ಆಗ ಬೈದು ಏನೂ ಪ್ರಯೋಜನವಿಲ್ಲ, ತಪ್ಪು ತಾಲೀಮು ಜೋಡಿಸಿದವರದ್ದು. ಕಛೇರಿಯ ದಿನ ಬೆಳಿಗ್ಗೆ ಆರಂಭಗಳು, ಮುಕ್ತಾಯಗಳು, ಗತಿ ಬದಲಾಗುವ ಜಾಗಗಳು, ಅಷ್ಟೇ.

ತಾಳದ ಮೊದಲ ಪೆಟ್ಟು ಬೀಳುವ ಮುಂಚೆ ಕೋಲು ಮೇಲೇಳುವಾಗ ಮೇಷ್ಟ್ರೂ ಬಾಯಿ ತೆರೆದು, ಹಾಡಿನ ಗತಿಯಲ್ಲೇ ಉಸಿರೆಳೆದುಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಟ್ಯೂಬಾದವರ ಭುಜವೂ ಅದೇ ಕ್ಷಣಕ್ಕೆ ಏಳುತ್ತಿತ್ತು.